ಸಾಲಿನ ಕೊನೆಯಲ್ಲಿ ಅತ್ತೆ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಮಗುವಿಗೆ ಜ್ವರ ಇಳಿದಿದೆ. ಆಫೀಸಿಗೆ ಹೊರಡುವ ಗಡಿಬಿಡಿ. ಇಂದಿನಿಂದ ಹಿಂದಿನ ಗೇಟಿನಲ್ಲಿ ಹೊಸ ರೂಲ್ — ನಮ್ಮ ಅಪಾರ್ಟ್‌ಮೆಂಟಿನ ಮನೆಗೆಲಸದವರೆಲ್ಲ ಹೋಗುವಾಗ ಸೆಕ್ಯೂರಿಟಿಗೆ ಬ್ಯಾಗ್ ಬಿಚ್ಚಿ ತೋರಿಸಬೇಕು. ಯಾರದೋ ವಾಚ್ ಕಾಣೆಯಾಗಿದೆಯಂತೆ. ಅಸೋಸಿಯೇಷನ್ ಸೆಕ್ರೆಟರಿ ನನ್ನ ಗಂಡನೇ. ಬೋರ್ಡ್ ಬರೆಸಿದ್ದೂ ಅವರೇ.

ಸಂಜೆ

ನಮ್ಮ ಮನೆಯ ಅಡುಗೆಯಾಕೆಯ ಬ್ಯಾಗನ್ನು ಎಲ್ಲರೆದುರು ಬೆಂಚಿನ ಮೇಲೆ ಸುರಿಸಿದರು. ಟಿಫಿನ್ ಬಾಕ್ಸು, ಮಾತ್ರೆ, ಒಳಬಟ್ಟೆ... ಅತ್ತೆ ಬಾಲ್ಕನಿಯಿಂದ ನೋಡಿದ್ದಾರೆ. ಊಟಕ್ಕೆ ಕೂತಾಗ ಮಗನನ್ನು ಒಂದೇ ಮಾತು ಕೇಳಿದರು.

"ನನ್ನ ಬ್ಯಾಗೂ ನೋಡ್ತಾರಾ?"

ಇವರು ನಕ್ಕರು. ಅತ್ತೆ ನಗಲಿಲ್ಲ.

ಮಾರ್ಚ್ 5

ಅತ್ತೆ ತರಕಾರಿ ಬ್ಯಾಗ್ ಹಿಡಿದು ಹಿಂದಿನ ಗೇಟಿನ ಸಾಲಿನಲ್ಲಿ ನಿಂತಿದ್ದರಂತೆ! ಅಡುಗೆಯಾಕೆಯೇ ಫೋನ್ ಮಾಡಿ ಹೇಳಿದಳು. ಸೆಕ್ಯೂರಿಟಿಯವನು, ನಿಮ್ಮದು ಬೇಡಮ್ಮ, ಇದು ಕೆಲಸದವರಿಗೆ ಎಂದನಂತೆ.

"ನಾನೂ ಈ ಮನೇಲಿ ಕೆಲಸ ಮಾಡೋಳೇ. ಸಂಬಳ ಇಲ್ಲ, ಅಷ್ಟೆ. ನೋಡು."

ಪಾಪ, ತಲೆ ತಗ್ಗಿಸಿ ನೋಡಿದನಂತೆ. ಕನ್ನಡಕದ ಡಬ್ಬಿ, ಮೊಮ್ಮಗನ ಕಾಲುಚೀಲ.

ಮಾರ್ಚ್ 6

ಸೆಕ್ರೆಟರಿಯ ತಾಯಿಯೇ ಆ ಸಾಲಿನಲ್ಲಾ ಎಂದು ಕೇಳುವವರಿಂದ ಇವರ ಫೋನಿಗೆ ಬಿಡುವಿಲ್ಲ. ತಾಯಿ ಮಗನಿಗೆ ಮಾತಿಲ್ಲ.

ತಕರಾರು ಬಂದದ್ದು ಅಡುಗೆಯಾಕೆಯಿಂದಲೇ. ನೀವು ನಿಂತರೆ ಸಾಲು ತಡವಾಗುತ್ತದೆ, ನನಗೆ ಬಸ್ ತಪ್ಪುತ್ತದೆ ಎಂದಳು ಮುಖಕ್ಕೆ ಹೊಡೆದ ಹಾಗೆ. ನಾನಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದೆ. ಅತ್ತೆ, "ಹೌದಲ್ವಾ, ನಂಗೆ ಹೊಳೀಲೇ ಇಲ್ಲ" ಎಂದರು. ಇಂದು ಕೊನೆಯಲ್ಲಿ ನಿಂತರು. ಎಲ್ಲರೂ ಹೋಗುವವರೆಗೆ. ಆ ಮಂಡಿನೋವು ಇಟ್ಟುಕೊಂಡು.

ಎಲ್ಲಿಂದ ಬರುತ್ತದೋ ಅತ್ತೆಗೆ ಈ ಗಟ್ಟಿತನ.

ಮಾರ್ಚ್ 13, ಗುರುವಾರ

ಈಗ ಅತ್ತೆಯ ಹಿಂದೆ ಐದನೇ ಮಹಡಿಯ ರಿಟೈರ್ಡ್ ಜಡ್ಜ್. ಬ್ಯಾಗಿಲ್ಲ — ಜೇಬು ಹೊರಗೆಳೆದು ತೋರಿಸುತ್ತಾರೆ! ಅವರ ಹಿಂದೆ ಅವರ ಹೆಂಡತಿ.

ಇಂದು ಬೇಗ ಬಂದು ನಾನೂ ನಿಂತೆ. ಲ್ಯಾಪ್‌ಟಾಪ್ ಬ್ಯಾಗ್ ಬಿಚ್ಚಿದೆ. ಬೇರೆಯವರ ಕೈ ನನ್ನ ಬ್ಯಾಗಿನೊಳಗೆ. ಏನೂ ಕದ್ದಿಲ್ಲ, ಆದರೂ ಕೆನ್ನೆ ಬಿಸಿಯಾಯಿತು. ನಾನು ಬೇಕೆಂದು ನಿಂತವಳು. ಬೇಡವೆನ್ನಲು ಆಗದವರಿಗೆ ಹೇಗಿರಬೇಡ?

ಅತ್ತೆಗೆ ಇದು ಮೊದಲ ದಿನ ಬಾಲ್ಕನಿಯಿಂದಲೇ ಅರ್ಥವಾಗಿತ್ತು.

ಮಾರ್ಚ್ 14

ಖುಷಿಯ ದಿನ. ಇವರು ಆಫೀಸಿನಿಂದ ನೇರ ಹಿಂದಿನ ಗೇಟಿಗೆ ಬಂದರು. ಬೈಯುತ್ತಾರೆಂದೇ ಎಲ್ಲರೂ ಅಂದುಕೊಂಡೆವು. ಬಂದು ಸಾಲಿನಲ್ಲಿ ನಿಂತರು. ತಾಯಿಯ ಹಿಂದೆಯೇ. ಅತ್ತೆ ತಿರುಗಿ ನೋಡಲಿಲ್ಲ. ಸ್ವಲ್ಪ ಮುಂದೆ ಸರಿದು ಜಾಗ ಕೊಟ್ಟರು.

ಮನೆಗೆ ಬಂದು, ಆ ಬೋರ್ಡ್ ತೆಗೆಸುತ್ತೇನೆ ಎಂದರು ಇವರು, ತಾಯಿಯ ಮುಖ ನೋಡದೆ.

"ಬಾ, ಊಟ ಮಾಡು."

ಮಾರ್ಚ್ 16, ಭಾನುವಾರ

ಮೀಟಿಂಗಿನಲ್ಲಿ ಇವರು ಒಬ್ಬರೇ ವಾದಿಸಿದರು. ಮೊದಲು ಕೂಗಾಟ. ಆಮೇಲೆ ಜಡ್ಜ್ ಕೈ ಎತ್ತಿದರು, ಹೆಂಡತಿ ಎತ್ತಿದರು, ಮತ್ತೆ ಒಬ್ಬೊಬ್ಬರೇ... ರೂಲ್ ರದ್ದು. ವಾಚ್ ಕಳೆದುಕೊಂಡ ಮನೆಯವರು ಎದ್ದು ಹೋದರು.

ಮಧ್ಯಾಹ್ನ ಅತ್ತೆಯ ಮಂಡಿಗೆ ಮುಲಾಮು ಹಚ್ಚುತ್ತ, ದೊಡ್ಡ ಕೆಲಸ ಮಾಡಿದಿರಿ ಎಂದೆ.

"ಏನು ದೊಡ್ಡದು? ಕೆಲಸದವರು ನಮ್ಮ ಲಿಫ್ಟ್ ಹತ್ತಬಾರದು ಅಂತ ಮುಂದಿನ ಮೀಟಿಂಗಲ್ಲಿ ತರ್ತಾರಂತೆ."

ಈಗ ಚಪ್ಪಲಿ ಮೆಟ್ಟಿದ ಸದ್ದು. ಲಿಫ್ಟ್ ಬಿಟ್ಟು, ಕೆಲಸದವರು ಹತ್ತಬೇಕಾಗುವ ಮೆಟ್ಟಿಲನ್ನು ತಾವೇ ಹತ್ತಿ ನೋಡುತ್ತಾರಂತೆ! ಡಾಕ್ಟರು ಬೇಡವೆಂದಿದ್ದಾರೆ. ಯಾರ ಮಾತು ಕೇಳುತ್ತಾರೆ ಅತ್ತೆ? ಕೈ ಹಿಡಿಯಲಾದರೂ ನಾನು ಹೋಗದಿದ್ದರೆ —