ಅಬ್ಬಾನ ಕಣ್ಣಿನ ಔಷಧಿ

ಕೌಲ್ ಬಜಾರ್, ಬಳ್ಳಾರಿ
9 ಫೆಬ್ರವರಿ 2009

ರಾರಾವಿಯಲ್ಲಿರುವ ನನ್ನ ಅವ್ವನಿಗೆ ಶಬನಂ ಮಾಡುವ ಸಲಾಂ.

ತಂಗಿ ತಬಸ್ಸುಮ್ ಕೈಯಲ್ಲಿ ನೀನು ಬರೆಸಿದ ಕಾಗದ ಬಂತು. ಅವಳನ್ನು ನೋಡಲು ಶುಕ್ರವಾರ ಕುರುಗೋಡಿನವರು ಬರುತ್ತಾರೆ, ಅವಳ ಒಂದು ಕಣ್ಣು ಕೆಂಪಾಗಿದೆ, "ಅಬ್ಬಾಗ ಕಣ್ಣಿನ ಪೊರಿ ತೆಗೆದಾಗ ಕೊಟ್ಟಿದ್ರಲ್ಲ, ಆ ಹನಿ ಇನ್ನೂ ಐತಿ, ನಿನಗ ಹಾಕಿದಂಗ ಇಕಿಗೂ ಹಾಕ್ತೀನಿ" ಎಂದಿದ್ದೀ. ಬೇಡ ಅವ್ವಾ. ತೆರೆದಿಟ್ಟ ಔಷಧಿ ಕೆಟ್ಟಿರುತ್ತದೆ. ಕುರುಗೋಡಿನವರು ಮುಂದಿನ ವಾರ ಬರಲಿ, ಅವರೇನು ಓಡಿಹೋಗುತ್ತಾರಾ?

ನನ್ನ ಕಣ್ಣಿನ ಬಗ್ಗೆ ಕೇಳಿದ್ದೀ. ಬಲಗಣ್ಣಿನ ಮೇಲೆ ಬಿಳಿ ಮಬ್ಬು ಹಾಗೇ ಇದೆ. ಮೊನ್ನೆ ಡಾಕ್ಟರಮ್ಮ ಹತ್ತಿಯ ಎಳೆಯಿಂದ ಗುಡ್ಡೆಯನ್ನೇ ಮುಟ್ಟಿ, ಗೊತ್ತಾಗುತ್ತದಾ ಎಂದು ಕೇಳಿದರು. ಎಡಗಣ್ಣು ಪಟ್ಟನೆ ಮುಚ್ಚಿಕೊಂಡಿತು. ಬಲಗಣ್ಣಿಗೆ ಏನೂ ಗೊತ್ತಾಗಲಿಲ್ಲ. ನನಗೂ ಹಾಗೇ ಆಗಿದೆ. ಅಳು ಬರುತ್ತಿಲ್ಲ, ಸಿಟ್ಟೂ ಬರುತ್ತಿಲ್ಲ. ಜೀನ್ಸ್ ಹೊಲಿಯುತ್ತಾ ಕೂತಿರುತ್ತೇನೆ. ಸೂಜಿಗೆ ದಾರ ನಮ್ಮವರೇ ಪೋಣಿಸಿಕೊಡುತ್ತಾರೆ.

ಅದಿರಿನ ಧೂಳಿಗೆ ಮಗಳನ್ನು ಕೊಟ್ಟು ಕೆಟ್ಟೆ ಎಂದು ಅಳುತ್ತೀಯಂತೆ. ಬೈಯುವುದಿದ್ದರೆ ಲಾರಿಗಳನ್ನು ಬೈ, ನಿನ್ನನ್ನೇ ಬೈದುಕೊಳ್ಳಬೇಡ. ಇಲ್ಲಿ ಎಲ್ಲರ ಕಣ್ಣೂ ಕೆಂಪೇ. "ಬಳ್ಳಾರ್‍ಯಾಗ ಬೆಳ್ಳನ ಕಣ್ಣು ಕಂಡ್ರ ಬ್ಯಾರೆ ಊರಿನವ್ರು ಅಂತ ತಿಳ್ಕೋಬೇಕು" ಎಂದು ನಮ್ಮವರು ನಗುತ್ತಾರೆ.

ಸಲಾವುದ್ದೀನ್ ಮಾಮಾ ಇವತ್ತೇ ಸಿರುಗುಪ್ಪದ ಕಡೆ ಹೊರಟಿದ್ದಾರೆ. ಅವರ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ಅಬ್ಬಾಗೆ ಸಲಾಂ ಹೇಳು.

ನಿನ್ನ ಮಗಳು,
ಶಬನಂ

ತಾ.ಕ.: ತಬಸ್ಸುಮ್, ಇಲ್ಲಿಗೆ ನಿಲ್ಲಿಸು. ಅವ್ವನಿಗೆ ಕಾಗದ ಮುಗಿಯಿತು ಅನ್ನು. ಇನ್ನು ನೀನೊಬ್ಬಳೇ ಓದು. ಫೋನ್ ಯಾವಾಗಲೂ ಅವ್ವನ ಸೊಂಟದಲ್ಲೇ ಇರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಧೂಳಲ್ಲ, ತಂಗಿ. ನನ್ನ ಕಣ್ಣಿಗೆ ಆಗಿದ್ದು ವೈರಸ್ಸು. ಮೈ ಅದರ ಜೊತೆ ಹೊಡೆದಾಡುತ್ತಿತ್ತು, ಕಣ್ಣು ಕೆಂಪಾಗಿದ್ದು ಅದಕ್ಕೇ. ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ಮುಂಚೆ ಅವ್ವ ಹಾಕಿದ ಹನಿ ಆ ಹೊಡೆದಾಟವನ್ನೇ ಅಡಗಿಸಿಬಿಟ್ಟಿತು. ಕಣ್ಣು ಬೆಳ್ಳಗಾಯಿತು, ಬಂದವರು ಒಪ್ಪಿದರು. ತಡೆಯುವವರಿಲ್ಲದೆ ವೈರಸ್ಸು ಕಣ್ಣನ್ನು ತಿಂದಿತು. ನಿನ್ನದು ಏನೋ ನನಗೆ ಗೊತ್ತಿಲ್ಲ. ಆದರೆ ಆ ಬಾಟ್ಲಿ ಇವತ್ತೇ ಚೆಲ್ಲು. ಅಬ್ಬಾನನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸು. ಆಮೇಲೆ ಈ ಹಾಳೆಯನ್ನು ಒಲೆಗೆ ಹಾಕು.

ಅವ್ವನಿಗೆ ಮಾತ್ರ ಗೊತ್ತಾಗಬಾರದು. ಅವತ್ತು ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು, "ಉರೀತೈತೇನವ್ವಾ?" ಎಂದು ಊದಿ ಊದಿ ಹಾಕಿದ್ದಳು.