ಅರವತ್ತು ಬೈಟಿನ ಜಾಣತನ

6-7-87, ಸೋಮವಾರ, ಸಂಜೆ

ಬ್ಯಾಟರಿಗೆ ನೀರು ಹಾಕಿದ್ದಾಯಿತು. ಮತ್ತೆ ಅದೇ ಪ್ರಶ್ನೆ. ಶಾಖ ಅಳೆಯುವ ನನ್ನ ಪೆಟ್ಟಿಗೆಯ ಸೆನ್ಸರ್ ನಿಮಿಷಕ್ಕೊಂದು ಅಂಕಿ ಕೊಡುತ್ತಲೇ ಇರುತ್ತದೆ. ಎಲ್ಲಿ ತುಂಬಿಡುವುದು?

ಕ್ಯಾಸೆಟ್ಟು — ಕೊಬ್ಬರಿ ಅಟ್ಟದ ಹೊಗೆಗೆ ಟೇಪಿನ ಹೆಡ್ಡು ವಾರದಲ್ಲಿ ಮಸಿ. ಕಾಗದದ ರೋಲು — ಬದಲಾಯಿಸಲು ದಿನಾ ಹಂದನಕೆರೆ ಬಸ್ ಹತ್ತುವವರು ಯಾರು? ಕಡೆಗೆ ಹೊಳೆಯಿತು. ಪೆಟ್ಟಿಗೆಯ ಎಲೆಕ್ಟ್ರಾನಿಕ್ ಚಿಪ್ಪಿನೊಳಗೇ ಒಂದಿಷ್ಟು ಮೆಮೊರಿ ಇದೆಯಲ್ಲ! ದಿನಕ್ಕೊಂದು ಸರಾಸರಿ ಸಾಕು. ಎರಡು ಸೆನ್ಸರ್, ಮೂವತ್ತು ದಿನ — ಅರವತ್ತು ಬೈಟು. ಡಿಪಾರ್ಟ್‌ಮೆಂಟಿನಲ್ಲಿ ಬೇರೆ ಯಾರಿಗೂ ತೋಚದ್ದು. ಪಾಲಿಟೆಕ್ನಿಕ್ಕಿನಲ್ಲಿ ಇಂಥ ಮೇಷ್ಟರಿರುವುದು ತಿಪಟೂರಿನ ಪುಣ್ಯ. ಯಾರೂ ಓದುವುದಿಲ್ಲ, ಹೊಗಳಿಕೊಂಡರೆ ತಪ್ಪೇನು.

12-7-87, ಭಾನುವಾರ

ಹಂದನಕೆರೆಯ ತೆಂಗಿನ ತೋಟದ ಯಜಮಾನ ಸದಾಶಿವಯ್ಯನವರ ಅಟ್ಟದಲ್ಲಿ ಪೆಟ್ಟಿಗೆ ಕೂರಿಸಿ ಬಂದೆ. ಒಂದು ಸೆನ್ಸರ್ ನಡುವೆ, ಇನ್ನೊಂದು ಈಶಾನ್ಯದ ಮೂಲೆಗೆ. ಆ ಮೂಲೆಯ ಕಾಯಿ ಮಾತ್ರ ಕೊಳೆಯುತ್ತದಂತೆ. ಕಾರಣ ಬೇಕು ಅವರಿಗೆ.

ಮಳೆಗಾಲದ ಸಂಜೆ ಅಟ್ಟದ ಕೆಳಗೆ ತೆಂಗಿನ ಮಟ್ಟೆ ಸುಟ್ಟು ಶಾಖ ಕೊಡಬೇಕು. ಹನ್ನೊಂದು ತಿಂಗಳಿಗೆ ಒಳಗಿನ ನೀರು ಆರಿ ಉಂಡೆ ಕೊಬ್ಬರಿ. ಆ ಕೆಲಸ ಪುಟ್ಟಗಂಗಮ್ಮನದು. ಐವತ್ತು ದಾಟಿದ ಹೆಂಗಸು, ಕಡ್ಡಿಯ ಹಾಗೆ ಇದ್ದಾಳೆ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. "ಇದ್ರಾಗೆ ಇನ್ನೂ ಒಂದು ಒಳಲೆ ನೀರೈತೆ ಮೇಷ್ಟ್ರೇ." ಒಡೆಸಿ ನೋಡಿದೆ. ಮಗುವಿಗೆ ಹಾಲು ಕುಡಿಸುವ ಒಳಲೆ ತುಂಬುವಷ್ಟೇ! ಇನ್ನೊಂದು ಒಡೆಸಿದೆ. ಅದೂ ಸರಿ. ನನ್ನ ಸೆನ್ಸರ್ ಇಷ್ಟು ಕರಾರುವಾಕ್ಕಾಗಿದ್ದರೆ ಬೆಂಗಳೂರಿಗೇ ಪ್ರಬಂಧ ಕಳಿಸುತ್ತಿದ್ದೆ.

2-8-87, ಭಾನುವಾರ

ಮನಸ್ಸು ಸರಿಯಿಲ್ಲ.

ಅಂಕಿ ಓದಿದೆ. ಮೂರು ವಾರ, ಎರಡು ಸಾಲೂ ಸಪಾಟು. ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತೆರಡು... ಸದಾಶಿವಯ್ಯ ಪುಟ್ಟಗಂಗಮ್ಮನನ್ನು ಕರೆದರು.

"ನೋಡಿದ್ಯಾ? ಮಿಷನ್ನೇ ಹೇಳ್ತಾ ಐತೆ, ನೀನು ಬೆಂಕಿ ಹಾಕಿಲ್ಲ. ಗೌರಿ ಹಬ್ಬ ಕಳೀಲಿ, ಬೇರೆಯೋರ್ನ ನೋಡ್ಕೋತೀನಿ."

"ದಿನಾ ಹಾಕಿವ್ನಿ ಯಜಮಾನ್ರೇ."

ಹನ್ನೊಂದು ವರ್ಷದಿಂದ ಆಕೆಯ ಮನೆ ನಡೆಯುತ್ತಿರುವುದು ಈ ಅಟ್ಟದಿಂದ. ನನ್ನ ಕಡೆ ಒಂದು ಸಲ ನೋಡಿದಳು. ನಾನು ವೈರು ಸುತ್ತುತ್ತಾ ನಿಂತಿದ್ದೆ.

3-8-87

ಕ್ಲಾಸಿನಲ್ಲಿ ಲೆಕ್ಕ ಬರೆಯುತ್ತಾ ಸೀಮೆಸುಣ್ಣ ಕೈಯಲ್ಲೇ ನಿಂತಿತು. ಬೆಂಕಿ ಉರಿಯುವುದು ಒಂದು ಗಂಟೆ. ಎಂಟು ಡಿಗ್ರಿ ಏರಿತು ಅನ್ನೋಣ. ಇಪ್ಪತ್ನಾಲ್ಕು ಗಂಟೆಗೆ ಹಂಚಿದರೆ ಡಿಗ್ರಿಯ ಮೂರನೇ ಒಂದು ಭಾಗ. ನನ್ನ ಪೆಟ್ಟಿಗೆ ಬರೆಯುವುದು ಪೂರ್ತಿ ಡಿಗ್ರಿ ಮಾತ್ರ. ಮೂರನೇ ಒಂದು ಭಾಗ ಅದರ ಪಾಲಿಗೆ ಸೊನ್ನೆ!

ಆಕೆ ಹಾಕಿದ ಬೆಂಕಿಯನ್ನೆಲ್ಲ ನನ್ನ ಸರಾಸರಿ ನುಂಗಿದೆ. ನಿಮಿಷದ ಅಂಕಿಗಳು ಬಂದವು, ಕೂಡಿಸಿಕೊಂಡೆ, ಎಸೆದೆ. ಯಾವ ದೇವರಿಗೆ ಕೈ ಮುಗಿದರೂ ಇನ್ನು ವಾಪಸ್ಸಿಲ್ಲ. ನಾಚಿಕೆಯಾಗುತ್ತಿದೆ.

8-8-87, ಎರಡನೇ ಶನಿವಾರ

ಹೋಗಿ ಒಪ್ಪಿಕೊಂಡೆ.

"ಹಂಗಾರೆ ನಿಮ್ಮ ಮಿಷನ್ ಸುಳ್ಳು ಹೇಳ್ತಾ?" ಅಂದರು ಸದಾಶಿವಯ್ಯ.

"ಮಿಷನ್ ಅಲ್ಲ, ನಾನು."

ಅವರು ಅಟ್ಟದತ್ತ ಕೈ ತೋರಿಸಿದರು. "ಹಬ್ಬದೊಳ್ಗೆ ಇನ್ನೊಂದ್ಸಲ ಇಟ್ನೋಡಿ. ಆಮೇಲೆ ನನ್ನ ಕೇಳ್ಬೇಡಿ."

ಸರಿ, ಆದರೆ ನಿಮಿಷ ನಿಮಿಷವೂ ಬರೆದರೆ ಎರಡು ಕಿಲೋಬೈಟಿನ ಹೊಸ ಚಿಪ್ಪು ತಂದರೂ ಒಂದು ದಿನಕ್ಕೂ ಸಾಲದು. ತಲೆ ಕೆಡಿಸಿಕೊಂಡು ಅಟ್ಟದಲ್ಲಿ ಕೂತಿದ್ದೆ. ಪುಟ್ಟಗಂಗಮ್ಮ ಸಾಲು ಸಾಲಾಗಿ ಕಾಯಿ ಅಲ್ಲಾಡಿಸುತ್ತಾ ಬಂದು, ಕೆಳಗಿದ್ದ ಯಜಮಾನರಿಗೆ ಮೂರೇ ಮೂರರ ಸುದ್ದಿ ಹೇಳಿದಳು. ಮಿಕ್ಕವು ಹೇಗಿವೆ ಅಂದೆ.

"ಮಿಕ್ಕವು ಮೊನ್ನೆ ಇದ್ದಂಗೇ ಅವೆ. ಇದ್ದಂಗೇ ಇರೋದ್ನ ಎಷ್ಟು ಕಿತ ಹೇಳಾನ ಮೇಷ್ಟ್ರೇ?"

ಏಣಿ ಎರಡೆರಡು ಮೆಟ್ಟಿಲು ಇಳಿದೆ. ಅಂಕಿ ಬದಲಾದಾಗ ಮಾತ್ರ ಬರೆದುಕೊಳ್ಳಬೇಕು, ಗಂಟೆ ನಿಮಿಷದ ಸಮೇತ! ಹನ್ನೆರಡು ವರ್ಷ ಪಾಠ ಹೇಳಿದ ನನಗೆ ಹೊಳೆದಿರಲಿಲ್ಲ. ಎಂಥಾ ಹೆಂಗಸು. ನನ್ನಿಂದ ಕೆಲಸ ಹೋಗುವ ಹೊತ್ತಿನಲ್ಲೂ ನನಗೆ ನೆಟ್ಟಗೆ ಉತ್ತರ ಕೊಟ್ಟಳು.

13-8-87

ರಜೆ ಹಾಕಿ ಹೋಗಿ ಹೊಸ ಚಿಪ್ಪಿನ ಪೆಟ್ಟಿಗೆ ಕೂರಿಸಿದೆ. ಎರಡು ರಾತ್ರಿ ನಿದ್ದೆಯಿಲ್ಲ. ಕಣ್ಣು ಉರಿ.

23-8-87, ಭಾನುವಾರ, ಬೆಳಿಗ್ಗೆ 11, ಅಟ್ಟದಲ್ಲೇ

ಇದೆ! ಹದಿಮೂರನೇ ತಾರೀಖು ಸಂಜೆ ಆರು ಗಂಟೆ ನಾಲ್ಕು ನಿಮಿಷ, ನಡುವಿನ ಸೆನ್ಸರ್ ಇಪ್ಪತ್ತಮೂರು. ಆರು ಹದಿನಾರಕ್ಕೆ ಮೂವತ್ತು. ಹದಿನಾಲ್ಕರಂದು ಹಾಗೇ. ಹದಿನೈದು, ಹದಿನಾರು ಹಾಗೇ. ಮೂಲೆ ಮಾತ್ರ ಅಲುಗಾಡಿಲ್ಲ. ಇಳಿದು ನೋಡಿದೆ. ಅದರ ಕೆಳಗೆ ಹೋದ ವರ್ಷ ಗೋಡೆ ಎಬ್ಬಿಸಿ ಗೊಬ್ಬರದ ಕೋಣೆ ಮಾಡಿಸಿದ್ದಾರೆ. ಶಾಖ ಗೋಡೆಗೆ ತಡೆದು ನಿಲ್ಲುತ್ತಿದೆ. ಆಕೆಯ ತಪ್ಪಲ್ಲ.

ಆದರೆ ಹದಿನೇಳು, ಹದಿನೆಂಟು — ನಡುವೆಯೂ ಏನೂ ಏರಿಲ್ಲ. ಬೆಂಕಿಯೇ ಇಲ್ಲ.

ಈ ಅಂಕಿ ಓದಬಲ್ಲವನು ಈ ಊರಿಗೆ ನಾನೊಬ್ಬನೇ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ? ಪುಟ್ಟಗಂಗಮ್ಮನಿಗೆ ಮೆಲ್ಲಗೆ ಹಾಗೇ ಅಂದೆ.

"ಜ್ವರ ಬಂದು ಮಲಗಿದ್ದೆ, ಆ ಎಲ್ಡು ದಿನ ಹಾಕ್ಲಿಲ್ಲ. ಹಂಗೇ ಬರ್ಕೊಳ್ಳಿ."

"ಯಜಮಾನರು ಅದನ್ನೇ ಹಿಡಿದುಕೊಂಡರೆ?"

"ಮಿಕ್ಕಿದ್ದು ದಿಟ ಅಂತ ಅವರು ನಂಬೋದೆಂಗೆ, ಅದು ಇಲ್ದೇ ಹೋದ್ರೆ? ನೀವು ಒಂದ್ಸಲ ಕೂಡಿಸಿ ಕಳೆದು ಕೆಡಿಸಿದ್ದು ಸಾಕು ಬುಡಿ."

ಬೈಸಿಕೊಂಡೆ. ಬೈಸಿಕೊಂಡದ್ದಕ್ಕೆ ಇಷ್ಟು ಸಂತೋಷವಾಗಿದ್ದು ಇದೇ ಮೊದಲು.

ಸಂಜೆ 5-30

ಇದ್ದದ್ದು ಇದ್ದಂತೆ ಓದಿದೆ. ಹದಿನೇಳು ಬಂದಾಗ ಆಕೆಯೇ ಮುಂದೆ ಬಂದು ಜ್ವರದ ಮಾತು ಹೇಳಿದಳು. ಸದಾಶಿವಯ್ಯ ನೋಟ್‌ಬುಕ್ ಇಸಿದುಕೊಂಡು ಆ ಎರಡು ಸಾಲನ್ನೇ ಬಹಳ ಹೊತ್ತು ನೋಡಿದರು. ಎದ್ದು ಗೊಬ್ಬರದ ಕೋಣೆಗೆ ಹೋಗಿ, ಗೋಡೆ ಮುಟ್ಟಿ ಬಂದರು.

"ಗೋಡೆ ಒಡೆಸ್ಬೇಕು. ನಾಳೆ ಗಾರೆಯೋನ್ನ ಕರ್ಕೊಂಬಾ ಗಂಗಮ್ಮ." ಸ್ವಲ್ಪ ತಡೆದು, "ಹಬ್ಬ ಕಳೆದ್ಮೇಲೂ ನೀನೇ ಹಾಕು."

ಅವರಿಗೂ ನಾನು ಮನಸ್ಸಿನಲ್ಲೇ ಕೈ ಮುಗಿದೆ.

6-05, ಅಟ್ಟ

ಮಳೆ ಹಿಡಿದಿದೆ. ಕೆಳಗೆ ಮಟ್ಟೆ ಚಟಪಟ ಅನ್ನುತ್ತಿದೆ. ಒಂದು ಸಲ ಕಣ್ಣಾರೆ ನೋಡಬೇಕೆಂದು ಪೆಟ್ಟಿಗೆಯ ಮುಂದೆ ಕೂತಿದ್ದೇನೆ. ಇಪ್ಪತ್ತಮೂರು — ಬರೆದುಕೊಂಡಿತು. ಇಪ್ಪತ್ತನಾಲ್ಕು. ಇಪ್ಪತ್ತಾರು. ಕಣ್ಣಲ್ಲಿ ನೀರು, ಅಕ್ಷರ ಸೊಟ್ಟಗಾಗುತ್ತಿದೆ. ಪುಟ್ಟಗಂಗಮ್ಮ ಕೂಗುತ್ತಿದ್ದಾಳೆ, "ಇಳೀರಿ ಮೇಷ್ಟ್ರೇ, ಹೊಗೆ!" ಇನ್ನೊಂದೇ ಡಿಗ್ರಿ, ಇಪ್ಪತ್ತೇ