ಹಡೆದವ್ವನ ಡೀಸೆಲ್ ಕಾರು

ಪೆದ್ದಕಡುಬೂರು,
೧೦-೨-೧೯೫೭, ಭಾನುವಾರ

ಚಿ. ಸೌ. ರಾಮಲಕ್ಷ್ಮಿಗೆ, ನಿನ್ನ ಹಡೆದವ್ವ ಗುರುಶಾಂತಮ್ಮ ಎರಡೂ ಕೈ ಎತ್ತಿ ಮಾಡುವ ಆಶೀರ್ವಾದ.

ಇಲ್ಲಿ ನಾನು ಕ್ಷೇಮ, ಎಮ್ಮೆ ಕ್ಷೇಮ, ಕಾರೂ ಕ್ಷೇಮ. ನೀನು, ಅಳಿಯಂದಿರು, ನಿನ್ನ ಹೊಟ್ಟೆಯೊಳಗೆ ಕೂತು ಒದೆಯುತ್ತಿರುವ ಆ ದೊರೆ, ಮೂವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೈಗೆ ಮೆತ್ತಿದ ಗ್ರೀಸು ಸೀಗೆಪುಡಿಗೂ ಜಗ್ಗಲಿಲ್ಲ. ಪೆನ್ನು ಹಿಡಿದರೆ ಕಾಗದವೆಲ್ಲ ಕಪ್ಪು. ಇದು ಅರ್ಧ ಕಾರಣ. ಇನ್ನರ್ಧ, ಕೋಪ ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಇರಲಿ, ಕೋಪದಲ್ಲೇ ಬರೆಯುತ್ತೇನೆ.

ನೀನು ಎರಡು ಮಾತು ಬರೆದಿದ್ದೆ. ಒಂದು ನಿಮ್ಮತ್ತೆ ಶಂಕರಮ್ಮನವರದು: "ಏಳು ತಿಂಗಳ ಬಸುರಿನ್ನ ಬಸ್ಸಿನ್ಯಾಗ ಕುಣಿಸಿಗೆಂತ ಹೋಗೋದು ಬ್ಯಾಡ. ತವರಾಗ ಒಂದು ಗಾಡಿಗೆ ಗತಿ ಇಲ್ಲಂದ್ರ ಹೆರಿಗಿ ಇಲ್ಲೇ ಆಗ್ಲಿ." ಇನ್ನೊಂದು ನಿನ್ನದು: "ಅವ್ವಾ, ನೀನು ಕಾರು ತಗೊಂಡಿ ಅಂತ ಕೇಳಿದೆ. ಅದರಾಗ ಬಳ್ಳಾರಿಗೆ ಮಾತ್ರ ಬರಬ್ಯಾಡ. ಬೇಕಾದ್ರ ಪತ್ತಿಕೊಂಡದ ದೊಡ್ಡಮ್ಮ ಬಂದು ಕುಬಸ ಮಾಡ್ಲಿ."

ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರುವುದು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕುಬಸ ಮಾಡುವುದು ಹಡೆದವಳ ಹಕ್ಕು. ಅದನ್ನು ನಾನು ನಿನ್ನ ದೊಡ್ಡಮ್ಮ ವೆಂಕಮ್ಮನಿಗೆ ಬಿಟ್ಟುಕೊಡುವುದಿಲ್ಲ. ಒಂದು ಸಲ ಬಿಟ್ಟುಕೊಟ್ಟದ್ದು ಸಾಕು. ನಿನ್ನ ಮದುವೆ ಗೊತ್ತಾದಾಗ ನಿಮ್ಮತ್ತೆ, "ಹುಡುಗಿ ನಮಗ ಒಪ್ಪಿಗಿ ಐತಿ, ಆದ್ರ ನಾಟಕದಾಕಿ ನಮ್ಮ ಚಪ್ಪರದಾಗ ಕಾಣಿಸಬಾರದು" ಎಂದರು. ಹೆಂಗಸರ ನಾಟಕ ಕಂಪನಿಯಲ್ಲಿ ಹನ್ನೆರಡು ವರ್ಷ ರಾಜಪಾರ್ಟು ಕಟ್ಟಿ, ಗದೆ ಹೆಗಲಿಗೇರಿಸಿ, ಸಾವಿರ ಜನರೆದುರು ಗರ್ಜಿಸಿದ ಈ ಗಂಟಲನ್ನು ಮುಚ್ಚಿಕೊಂಡು ಮನೆಯಲ್ಲೇ ಕೂತೆ. ವೆಂಕಮ್ಮ, ನಿನ್ನ ದೊಡ್ಡಪ್ಪ ಧಾರೆ ಎರೆದರು. ನಿನಗೊಂದು ಒಳ್ಳೆಯ ಮನೆ ಸಿಗಲಿ ಎಂದು ಸುಮ್ಮನಾದೆ. ಸಿಕ್ಕಿತು, ಸಂತೋಷ. ಇನ್ನು ಸುಮ್ಮನಿರುವವಳಲ್ಲ.

ಕಾರಿನ ಕಥೆಯನ್ನು ನೀನು ಯಾರಿಂದಲೋ ಅರ್ಧಂಬರ್ಧ ಕೇಳಿರುತ್ತೀಯ. ಪೂರ್ತಿ ನಾನು ಹೇಳುತ್ತೇನೆ. ಎಳೆಯಿರಿ ಪರದೆ!

ನನ್ನ ಕೆಲಸ ನಿನಗೆ ಗೊತ್ತು. ಆದವಾನಿಯ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿ ಆರಿಸುವ ಹೆಂಗಸರಿಗೆ ನಾನು ಮೇಸ್ತ್ರಿ. ಅಷ್ಟೂ ಯಂತ್ರಗಳು ಒಟ್ಟಿಗೆ ಅರಚುವಾಗ ಅವುಗಳ ಮೇಲೆ ಕೇಳಿಸುವ ಗಂಟಲು ಬೇರೆ ಯಾರಿಗೂ ಇಲ್ಲವೆಂದೇ ನನ್ನನ್ನು ಇಟ್ಟುಕೊಂಡರು. ಬೆಳಗ್ಗೆ ಇಲ್ಲಿಂದ ಬಸ್ಸು, ಸಂಜೆ ವಾಪಸು. ಹೋದ ದಸರೆ ಮುಗಿದ ಮರುದಿನ ಬಸ್ಸು ಹತ್ತಿ ಹೆಂಗಸರ ಮುಂದಿನ ಸೀಟಿನಲ್ಲಿ ಕೂತಿದ್ದೆ. ಹೊಸ ಕಂಡಕ್ಟರು, ಹನುಮಂತು ಅಂತ ಹೆಸರು, ಹಲ್ಲು ಕಿರಿಯುತ್ತ ಬಂದ. "ಈ ಸೀಟು ಮರ್ಯಾದಸ್ತರ ಹೆಣ್ಮಕ್ಕಳಿಗಮ್ಮಾ. ಡ್ರಾಮಾದೋರು ವೆನಕ್ಕಿ ಪೋಂಡಿ, ಹಿಂದಕ್ಕ ಹೋಗ್ರಿ!" ಎಂದ. ಬಸ್ಸಿನ ತುಂಬ ನಗು. ಒಬ್ಬ ನನ್ನ ಹಳೆಯ ಹಾಡಿನ ಒಂದು ಸಾಲನ್ನೂ ಎಳೆದ, ಅದೂ ಅಪಸ್ವರದಲ್ಲಿ!

ನಾನು ಎದ್ದೆ. ಹಿಂದಕ್ಕೆ ಹೋಗಲಿಲ್ಲ, ಕೆಳಗಿಳಿದೆ. ರಸ್ತೆಯ ಮೇಲೆ ನಿಂತು ಕೂಗಿದೆ: "ಕೇಳಲೇ ಹನುಮಂತು! ಇನ್ನು ನಾನು ಆದವಾನಿಗೆ ಬಂದ್ರ ನನ್ನ ಸ್ವಂತ ಗಾಡ್ಯಾಗ, ಮುಂದಿನ ಸೀಟಿನ್ಯಾಗ. ಅಲ್ಲೀಮಟ ಈ ನಿನ್ನ ಡಬ್ಬಿ ಮ್ಯಾಲ ನನ್ನ ಕಾಲು ಇಡಂಗಿಲ್ಲ!" ಹೊಲದಲ್ಲಿದ್ದವರೂ ತಲೆ ಎತ್ತಿ ನೋಡಿದರು. ಇಷ್ಟು ದೊಡ್ಡ ಮಾತು ಆಡಿದ ಮೇಲೆ ಮನೆಗೆ ಬಂದು ಎಮ್ಮೆಯ ಮುಂದೆ ಕೂತು ಸ್ವಲ್ಪ ಹೆದರಿದೆ ಎಂಬುದು ನಿನಗೆ ಮಾತ್ರ ಹೇಳುವ ಗುಟ್ಟು. ಅಲ್ಲಿಂದ ತಿಂಗಳೊಪ್ಪತ್ತು ಹತ್ತಿ ಬಂಡಿಗಳ ಮೇಲೆ ಕೂತು ಕೆಲಸಕ್ಕೆ ಹೋದೆ.

ಆಸ್ಪರಿಯ ಶೇಂಗಾ ಸಾಹುಕಾರ ಉಚ್ಚೀರಪ್ಪನವರ ತಗಡಿನ ಚಪ್ಪರದಲ್ಲಿ ಒಂದು ಹಳೆಯ ಕಾರು ಬಿದ್ದಿದೆ ಎಂದು ಹೇಳಿದವನು ದಸ್ತಗಿರಿ. ನಮ್ಮ ಜಿನ್ನಿನ ಎಣ್ಣೆ ಇಂಜಿನ್ ನಡೆಸುವವನು, ಕಣ್ಣು ಮುಚ್ಚಿ ಕಿವಿಯಲ್ಲೇ ಇಂಜಿನ್ನಿನ ರೋಗ ಹಿಡಿಯುವವನು. "ಅಕ್ಕಾ, ಗಾಡಿ ವಿಲಾಯತಿದು. ಪೆಟ್ರೋಲಿಂದು ಇತ್ತು, ಯಾರೋ ಅದನ್ನ ಕಿತ್ತು ಡೀಸೆಲ್ ಇಂಜಿನ್ ಕೂರಿಸ್ಯಾರ. ಡೀಸೆಲ್ ಅಂದ್ರ ನಂಗ ಬಿಡು, ಮನಿ ಮಂದಿ ಇದ್ದಂಗ" ಎಂದ. ಹೋಗಿ ನೋಡಿದೆವು. ಮೇಲೆ ಶೇಂಗಾ ಚೀಲ, ಒಳಗೆ ಕೋಳಿ ಕಾವು ಕೂತಿತ್ತು. ಉಚ್ಚೀರಪ್ಪನವರು ನನ್ನನ್ನು ನೋಡಲೇ ಇಲ್ಲ. "ಯವ್ವಾ, ಇದು ಹೆಂಗಸರ ಕೈಯಾಗಿನ ಸಾಮಾನಲ್ಲ. ಯಾರಾರ ಗಂಡಸರನ್ನ ಕರ್ಕಂಡು ಬರ್ರಿ, ಮಾತಾಡಾಣ" ಎಂದರು. ನಾನು ಸೆರಗು ಸೊಂಟಕ್ಕೆ ಬಿಗಿದು, ಎದೆ ಸೆಟೆಸಿ, ರಂಗದ ಮೇಲಿನ ದನಿಯಲ್ಲಿ, "ಗಂಡಸು ಬೇಕೇನ್ರಿ ಸಾಹುಕಾರ್ರೆ? ಇಗೋ, ಬಂದಾನ! ಮಾತಾಡ್ರಿ!" ಎಂದೆ. ಕಾವು ಕೂತಿದ್ದ ಕೋಳಿ ಕಿಟಕಿಯಿಂದ ಹಾರಿತು. ಸಾಹುಕಾರರು ಮಾತಾಡಿದರು.

ರಾಯಚೂರಿನ ಜನ ಮೆಚ್ಚಿ ಕೊಟ್ಟಿದ್ದ ಬೆಳ್ಳಿ ಗದೆ ನಿನಗೆ ನೆನಪಿದೆಯಲ್ಲ? ಅದನ್ನು ಮಾರಿದೆ. ಗದೆ ಹೋಗಿ ಕಾರಿನ ಇಂಜಿನ್ ತಿರುವಿ ಎಬ್ಬಿಸುವ ಕಬ್ಬಿಣದ ಹ್ಯಾಂಡಲು ಬಂತು. ಭಾರ ಎರಡರದ್ದೂ ಒಂದೇ. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಲೈಸೆನ್ಸು ಹೇಗೆ ಎಂದು ಕೇಳಬೇಡ. ಕಂಪನಿಯ ಪರದೆ ಪೆಟ್ಟಿಗೆಗಳ ಲಾರಿ ಓಡಿಸುತ್ತಿದ್ದ ಕಾಲದ್ದು, ಇನ್ನೂ ಜೀವ ಇದೆ.

ಇನ್ನು ರಿಪೇರಿ. ಒಂದು ತಿಂಗಳು ಭಾನುವಾರವೆಂಬುದನ್ನೇ ಕಾಣಲಿಲ್ಲ. ಬ್ರೇಕು ಹಿಡಿಸಿ, ಸೀಟಿನ ಸ್ಪ್ರಿಂಗು ಕಟ್ಟಿ, ಬಾಗಿಲಿಗೆ ನಾನೇ ನಾಟಕದ ಅರಮನೆಯ ಹಸಿರು ಬಣ್ಣ ಬಳಿದೆ. ದಸ್ತಗಿರಿ ಇಂಜಿನ್ನನ್ನು ಬಟ್ಟೆ ಒಗೆದ ಹಾಗೆ ತೊಳೆದ. ಚಳಿಗೆ ಅದು ಸುಲಭಕ್ಕೆ ಏಳುವುದಿಲ್ಲ. ಗಾಳಿ ಎಳೆಯುವ ಡಬ್ಬಿಯನ್ನು ಬಿಚ್ಚಿ, ಎಣ್ಣೆಯಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಅದರ ಬಾಯಿಗೆ ಹಿಡಿಯಬೇಕು, ಒಬ್ಬರು ಹ್ಯಾಂಡಲು ತಿರುವಬೇಕು. ತಿರುವಿದೆ. ಎದ್ದಿತು! ಊರಿನ ನಾಯಿಗಳೆಲ್ಲ ಓಡಿದವು. ಡಬ್ಬಿ ಮುಚ್ಚಿ ಹೊರಟೆವು. ಕೆರೆಯ ಏರಿ ದಾಟಲಿಲ್ಲ, ಕರಿ ಹೊಗೆ ಕಾರಿ, ಕೆಮ್ಮಿ, ನಿಂತೇಹೋಯಿತು. ತಳ್ಳಿಕೊಂಡು ಬಂದೆವು. ಡಬ್ಬಿ ಬಿಚ್ಚಿ ತಿರುವಿದರೆ ಮತ್ತೆ ಕೋಗಿಲೆಯಂತೆ ಹಾಡಿತು. ರಸ್ತೆಗಿಳಿದರೆ ಮತ್ತೆ ಸತ್ತಿತು. ಮೂರು ವಾರ ಇದೇ ಆಟ. ದಸ್ತಗಿರಿ ಪಂಪು ಬಿಚ್ಚಿದ, ಪೈಪು ಊದಿದ, ಕೊನೆಗೆ ದರ್ಗಾಕ್ಕೆ ಸಕ್ಕರೆ ಹರಕೆ ಹೊತ್ತ. ಹನುಮಂತುವಿನ ಬಸ್ಸು ದಿನಾ ಪಕ್ಕದಲ್ಲಿ ಹಾಯ್ದು ಹೋಗುವಾಗ ಅವನು ಫುಟ್‌ಬೋರ್ಡಿನಿಂದ ಕೈ ಮುಗಿಯುತ್ತಿದ್ದ.

ನಾಲ್ಕನೆಯ ವಾರ ದಸ್ತಗಿರಿ ಆ ಗಾಳಿಯ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬೆರಳು ಹಾಕಿ ಎಳೆದ. ಬಂತು, ಬಂತು, ಬರುತ್ತಲೇ ಇತ್ತು, ಮೊಳದುದ್ದ ಬೆಳ್ಳಗಿನ ಅರಳೆ!

"ಇದನ್ನ ಯಾರು ತುಂಬಿದ್ದು?" ಎಂದ.

"ನಾನಪ್ಪಾ" ಎಂದೆ. ಸುಳ್ಳೇಕೆ ಹೇಳಲಿ? ನಮ್ಮ ರಸ್ತೆಯ ಧೂಳು ನಿನಗೆ ಗೊತ್ತಲ್ಲ, ಒಳಗಿನ ಜಾಲರಿ ಬೇರೆ ತುಕ್ಕು ಹಿಡಿದಿತ್ತು. ಪಾಪ, ಇಂಜಿನ್ನಿಗೆ ಧೂಳು ಹೋಗಬಾರದೆಂದು, ನಾನೇ ಆರಿಸಿದ ಒಂದನೇ ನಂಬರಿನ ಉದ್ದೆಳೆಯ ಅರಳೆಯನ್ನು ಗಟ್ಟಿಯಾಗಿ ಗಿಡಿದಿದ್ದೆ. ಜಿನ್ನಿನವರಿಗಲ್ಲದೆ ಇನ್ನಾರಿಗೆ ಈ ಬುದ್ಧಿ ಬಂದೀತು?

"ಯಾ ಅಲ್ಲಾ! ಅಕ್ಕಾ, ಉಸಿರಾಡೋ ಇಂಜಿನ್ನಿಗೆ ಹೆಣಕ್ಕ ಇಟ್ಟಂಗ ಮೂಗಿಗೆ ಅರಳಿ ಇಟ್ಟೀಯಲ್ಲ!" ಎಂದು ದಸ್ತಗಿರಿ ನೆಲದ ಮೇಲೆ ಕೂತು ನಗತೊಡಗಿದ. ನಾನೂ ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಅರಳೆ ಹೋಗಿ ಹೊಸ ಜಾಲರಿ ಬಂತು. ಅಂದಿನಿಂದ ಕಾರು ಒಂದು ದಿನವೂ ಕೈಕೊಟ್ಟಿಲ್ಲ. ಬೆಳಗ್ಗೆ ಹಿಂದಿನ ಸೀಟಿನಲ್ಲಿ ನಮ್ಮೂರಿನ ನಾಲ್ವರು ಹತ್ತಿ ಆರಿಸುವವರು, ಮುಂದೆ ನನ್ನ ಪಕ್ಕ ಅವರ ಜೊತೆಗಾತಿ ಉಚ್ಚಮ್ಮ. ಮೊದಲ ದಿನ ಉಚ್ಚಮ್ಮ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ಗುರುಶಾಂತಕ್ಕಾ, ಮೆಲ್ಲಕ ಹೋಗೇ, ನಂಗಿನ್ನ ಸಣ್ಣ ಸಣ್ಣ ಮಕ್ಕಳು ಅದಾವ" ಎನ್ನುತ್ತಿದ್ದಳು. ಎದುರಿಗೆ ಬಸ್ಸಿನ ಬೆನ್ನು ಕಂಡದ್ದೇ ತಡ ಅವಳೇ, "ಒತ್ತಕ್ಕಾ, ಒತ್ತು! ಹೊಡಿ ಮುಂದಕ!" ಎಂದಳು. ಒತ್ತಿದೆ. ಬಸ್ಸಿನ ಪಕ್ಕ ಬಂದಾಗ ಉಚ್ಚಮ್ಮ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಏ ಹನುಮಂತು! ವೆನಕ್ಕಿ ಪೋಂಡಿ!" ಎಂದು ಕೂಗಿದಳು. ಹಿಂದಿನ ನಾಲ್ವರೂ ಮೇಳದವರಂತೆ ದನಿಗೂಡಿಸಿದರು. ಕಂಪನಿಯಲ್ಲಿ ನನಗೆ ಎಷ್ಟೋ ಚಪ್ಪಾಳೆ ಬಿದ್ದಿವೆ ಮಗಳೇ, ಅವತ್ತಿನಂಥದು ಬಿದ್ದಿಲ್ಲ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಗಾಡಿ ಇಲ್ಲ ಎಂದರು ನಿಮ್ಮತ್ತೆ, ಗಾಡಿ ಇದೆ. ಕುಣಿಯುತ್ತದೆ ಎಂದರು, ಹಿಂದಿನ ಸೀಟಿಗೆ ಎರಡು ಮೆತ್ತೆ ಅರಳೆಯ ಹಾಸಿಗೆ ಹೊಲಿಸಿದ್ದೇನೆ, ತುಂಬಿದ ಕೊಡ ಇಟ್ಟು ಆದವಾನಿಗೆ ಹೋಗಿ ಬಂದೆ, ಒಂದು ಹನಿ ಚೆಲ್ಲಲಿಲ್ಲ. ದಾರಿಯಲ್ಲಿ ಡೀಸೆಲ್ ಸಿಗದಿದ್ದರೆ? ಅದಕ್ಕೂ ಉತ್ತರ ಇದೆ. ಒಂದು ಡಬ್ಬಿ ಶೇಂಗಾ ಎಣ್ಣೆ ಇಟ್ಟುಕೊಳ್ಳುತ್ತೇನೆ. ಒಮ್ಮೆ ಡೀಸೆಲ್ ಪೀಪಾಯಿ ಬಾರದೆ ಜಿನ್ನಿನ ಇಂಜಿನ್ನನ್ನೇ ದಸ್ತಗಿರಿ ಅದರಲ್ಲಿ ನಡೆಸಿದ್ದಾನೆ. ಮಿರ್ಚಿ ಕರಿದ ವಾಸನೆ ಬರುತ್ತದೆ, ಅಷ್ಟೇ. ಬಸುರಿಗೆ ಬಾಯಲ್ಲಿ ನೀರೂರಿದರೆ ತಪ್ಪು ನನ್ನದಲ್ಲ.

ಇದೇ ಇಪ್ಪತ್ತೊಂದನೇ ತಾರೀಖು, ಗುರುವಾರ, ಬೆಳಗ್ಗೆ ಹತ್ತಕ್ಕೆ ನಿಮ್ಮ ಮನೆಯ ಮುಂದೆ ಇರುತ್ತೇನೆ. ಶುಕ್ರವಾರ ಮನೆಯ ಹೆಣ್ಣುಮಗಳನ್ನು ಕಳಿಸುವುದಿಲ್ಲವೆಂಬ ನೆಪ ಬೇಡವೆಂದೇ ಗುರುವಾರ ಆರಿಸಿದ್ದೇನೆ. ಹಸಿರು ಸೀರೆ, ಬಳೆ, ಉಡಿಗೆ ಅಕ್ಕಿ, ಕೊಬ್ಬರಿ, ನಿಮ್ಮತ್ತೆಗೆ ಒಂದು ಇಳಕಲ್ ಸೀರೆ, ಎಲ್ಲ ತರುತ್ತೇನೆ. ಅವರ ಹೊಸ್ತಿಲು ತುಳಿಯುವುದಿಲ್ಲ. ಅವರು ಬಾ ಎಂದರೆ ಒಳಗೆ ಬಂದು ಕುಬಸ ಮಾಡುತ್ತೇನೆ, ಬೇಡವೆಂದರೆ ಓಣಿಯಲ್ಲೇ ಕಂಬಳಿ ಹಾಸಿ ಮಾಡುತ್ತೇನೆ. ಓಣಿ ಮುನಿಸಿಪಾಲಿಟಿಯದು. ನಿನ್ನನ್ನು ಯಾರೂ ಎಳೆದು ಹತ್ತಿಸುವುದಿಲ್ಲ. ಮೂರು ಸಲ ಹಾರ್ನು ಹೊಡೆಯುತ್ತೇನೆ. ಬರುವುದೂ ಬಿಡುವುದೂ ನಿನಗೆ ಸೇರಿದ್ದು. ನೀನು ಬರಲಿಲ್ಲವೆಂದರೆ ಖಾಲಿ ಗಾಡಿ ತಿರುಗಿಸಿಕೊಂಡು ತಲೆ ಎತ್ತಿಯೇ ಬರುತ್ತೇನೆ. ಆದರೆ ಹಡೆದವಳು ಕರೆಯಲಿಕ್ಕೆ ಬರಲಿಲ್ಲ ಎಂಬ ಮಾತು ಮಾತ್ರ ಬಳ್ಳಾರಿಯಲ್ಲಿ ಇನ್ನು ಹುಟ್ಟಬಾರದು.

ಈ ಕಾಗದವನ್ನು ಬಚ್ಚಿಟ್ಟು ಓದಬೇಡ. ನಿಮ್ಮತ್ತೆಯ ಕೈಗೇ ಕೊಡು. ಕಣ್ಣು ಮಂಜಾಗಿದ್ದರೆ ನೀನೇ ಗಟ್ಟಿಯಾಗಿ ಓದಿ ಹೇಳು. ನಿನ್ನ ಗಂಟಲೂ ಸಣ್ಣದಲ್ಲ, ನನ್ನ ಮಗಳು ನೀನು.

ಬಿಸಿನೀರು ಕುಡಿ. ಎಡ ಮಗ್ಗುಲಾಗಿ ಮಲಗು. ನಿನ್ನ ಮಡಿಲು ತುಂಬಿ, ಅದರಲ್ಲಿ ಆಡುವ ಕೂಸು ಊರಿಗೆಲ್ಲ ಕೇಳುವಂತೆ ಅಳಲಿ, ನೂರು ವರ್ಷ ಬಾಳಲಿ.

ಇಂತು ನಿನ್ನ ಅವ್ವ,
ಗುರುಶಾಂತಮ್ಮ

ತಾ. ಕ.: ಇಷ್ಟೊಂದು ಕೂಗಿದ ಮೇಲೆ ಒಂದು ಮಾತು ಮೆಲ್ಲಗೆ. ಈ ಹಾಳೆಯನ್ನು ಮಾತ್ರ ನೀನೊಬ್ಬಳೇ ಓದು. ನಿನ್ನ ಲಗ್ನಪತ್ರಿಕೆ ಆದವಾನಿಯಲ್ಲೇ ಅಚ್ಚಾಯಿತಲ್ಲ, ಮದುವೆಗಂತೂ ಹೋಗುವಂತಿಲ್ಲ, ಪತ್ರಿಕೆಯನ್ನಾದರೂ ನೋಡೋಣವೆಂದು ಅಚ್ಚುಕೂಟಕ್ಕೆ ಹೋಗಿದ್ದೆ. ಎಲ್ಲ ಪತ್ತಿಕೊಂಡಕ್ಕೆ, ನಿನ್ನ ದೊಡ್ಡಪ್ಪನ ಮನೆಗೆ ಕಳಿಸಿಯಾಯಿತು ಎಂದು, ತಿದ್ದಲಿಕ್ಕೆ ನಿಮಗೆ ಕೊಟ್ಟಿದ್ದ ಕರಡು ಪ್ರತಿಯನ್ನು ಕೈಗಿಟ್ಟರು. ಅದರ ತುಂಬ ನಿನ್ನ ಕೈಬರಹ. ಮುಹೂರ್ತದ ಗಳಿಗೆ ತಿದ್ದಿದ್ದೆ. ಊಟದ ಹೊತ್ತು ತಿದ್ದಿದ್ದೆ. ಅಳಿಯಂದಿರ ಪರೀಕ್ಷೆ ಪಾಸಾದದ್ದು ಬಿಟ್ಟುಹೋಗಿತ್ತು, ಸೇರಿಸಿದ್ದೆ. ನನ್ನ ಹೆಸರಿನ ಮುಂಚೆ 'ದಿವಂಗತ' ಎಂದಿತ್ತು. ಅದನ್ನು ಮಾತ್ರ ನೀನು ಓದಿ ಹಾಗೆಯೇ ಬಿಟ್ಟಿದ್ದೆ.

ನಿಮ್ಮತ್ತೆ ಬರೆಸಿದ್ದಿರಬಹುದು, ದೊಡ್ಡಪ್ಪ ಒಪ್ಪಿದ್ದಿರಬಹುದು, ಅದನ್ನು ನಾನು ಕೇಳುತ್ತಿಲ್ಲ. ಆ ಹಾಳೆಯನ್ನು ಯಾರಿಗೂ ತೋರಿಸಿಲ್ಲ, ತೋರಿಸುವುದೂ ಇಲ್ಲ. ಗುರುವಾರ ಹಸಿರು ಕಾರು ಬಂದು ನಿಂತಾಗ ನಿಮ್ಮ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಾರೆ, "ಈಕಿ ಯಾರವ್ವಾ?" ಎಂದು ಕೇಳುತ್ತಾರೆ. ಅವತ್ತು ನಾನು ಬಾಯಿ ತೆರೆಯುವುದಿಲ್ಲ, ರಾಮಲಕ್ಷ್ಮಿ. ಉತ್ತರ ನೀನೇ ಹೇಳಬೇಕು.